ಒತ್ತಡ ನಿಂತಿದೆ

ಐಮಂಗಲದ ಹೆದ್ದಾರಿ ಬದಿಯ ನಮ್ಮ ಆಕ್ಸಿಜನ್ ಘಟಕದಲ್ಲಿ ಒಂದು ಹಳೆಯ ಕಂಪ್ರೆಸರ್ ಇದೆ. ಹೊಸದುರ್ಗ, ಹೊಳಲ್ಕೆರೆಯ ಆಸ್ಪತ್ರೆಗಳಿಗೆ ನಾವು ಕಳಿಸುವ ಸಿಲಿಂಡರುಗಳನ್ನೆಲ್ಲ ತುಂಬುವುದು ಅದೇ. ಮಾಲೀಕರಾದ ಮೋಹನ್‌ಕುಮಾರ್ ಅದನ್ನು ಗುಜರಿಗೆ ಹಾಕಲು ಹೊರಟಿದ್ದರು. ಎರಕದ ಮೈ ಗಟ್ಟಿಯಾಗಿದೆ, ಒಳಗಿನದನ್ನಷ್ಟೇ ಬದಲಾಯಿಸೋಣ ಎಂದು ಹಟ ಹಿಡಿದವಳು ಇಲ್ಲಿನ ಎಂಜಿನಿಯರಾದ ನಾನು. ವಾಲ್ವು, ಪಿಸ್ಟನ್ ರಿಂಗು ಹೊಸವು ಬಂದವು. ಮುಳ್ಳಿನ ಮೀಟರುಗಳ ಜಾಗದಲ್ಲಿ ಸೆನ್ಸರು, ಪರದೆ ಕೂತವು. ತಮ್ಮೆದುರಿನ ಪರೀಕ್ಷೆಯಲ್ಲಿ ಕೈಕೊಟ್ಟರೆ ಮಾತ್ರ ಗುಜರಿಯೇ ಗತಿ ಎಂದು ಮೋಹನ್‌ಕುಮಾರ್ ಮೊದಲೇ ಹೇಳಿದ್ದರು; ಕರೆದರೆ ಬರಲು ಗುಜರಿಯವನಿಗೂ ತಿಳಿಸಿಟ್ಟಿದ್ದರು.

ಪರದೆಯ ಮಾತುಗಳನ್ನು ಕನ್ನಡದಲ್ಲಿ ಬರೆದವಳೂ ನಾನೇ. ಯಂತ್ರ ನಡೆಸುವ ಚಿತ್ತಯ್ಯನವರು ಓದುವುದು ಕನ್ನಡವನ್ನೇ. ಸಿರಿಗೆರೆಯಲ್ಲಿ ಓದುತ್ತಿದ್ದಾಗಿನಿಂದಲೂ ಒಂದು ಪದ ಬರೆದರೆ ಅಳಿಸಿ ಅಳಿಸಿ ತಿದ್ದುವುದು ನನ್ನ ಅಭ್ಯಾಸ. ಇದರಲ್ಲೂ ಹಾಗೇ ಮಾಡಿದ್ದೆ.

ಪರೀಕ್ಷೆಯ ಬೆಳಿಗ್ಗೆ ಚಿತ್ತಯ್ಯ ಯಂತ್ರಕ್ಕೆ ಹೂವಷ್ಟೇ ಏರಿಸಿದರು. ಇಲ್ಲಿ ಕರ್ಪೂರ ಹಚ್ಚುವಂತಿಲ್ಲ. ಮೊದಲ ಸಲವೆಂದು ಬರೀ ನೈಟ್ರೋಜನ್ ಹರಿಸಿದೆವು. ಪರದೆಯ ಮೇಲೆ ಒತ್ತಡ ಏರುತ್ತ ಹೋದಂತೆ ನನ್ನ ಬೆರಳುಗಳು ದುಪಟ್ಟಾದ ಅಂಚನ್ನು ಸುತ್ತುತ್ತಿದ್ದವು. ಅದು ಬೇಕಾದ ಮಟ್ಟ ತಲುಪಿ, ಅಲುಗದೆ ಉಳಿಯಿತು. ‘ಒತ್ತಡ ನಿಂತಿದೆ’ ಎಂದು ಪರದೆ ತೋರಿಸಿತು. ನಾನು ಉಸಿರು ಬಿಡುವಷ್ಟರಲ್ಲಿ ಚಿತ್ತಯ್ಯ ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿಬಿಟ್ಟರು.

ಮೋಹನ್‌ಕುಮಾರ್ ಗುಜರಿಯವನ ನಂಬರಿಗಾಗಿ ಫೋನ್ ತೆಗೆದರು.

ಯಾಕೆ ಒತ್ತಿದಿರಿ ಎಂದು ಚಿತ್ತಯ್ಯನವರನ್ನು ಕೇಳಿದೆ.

“ನೀವೇ ಬರ್ದೀರಲ್ಲ ತಾಯಿ. ಮಿಷಿನ್ ಓಡ್ತಾ ಐತೆ, ಒತ್ತಡ ನಿಂತೈತೆ ಅಂದ್ರೆ ವಾಲ್ವ್ ಹೋಯ್ತು ಅಂತ್ಲೇ ಅಲ್ವಾ?”

ಬೋರಿನ ನೀರು ನಿಂತೈತೆ ಎಂದರೆ ಬತ್ತಿತು ಎಂದೇ ಅರ್ಥವಿರುವ ಊರು ನಮ್ಮದು. ಸ್ಥಿರವಾಗಿದೆ ಎಂದು ನಾನು ಬರೆದದ್ದನ್ನು ಒತ್ತಡ ಬರುವುದೇ ನಿಂತಿದೆ ಎಂದು ಅವರು ಓದಿದ್ದರು. ಹಾಗೆ ಓದಿದವರು ಮಾಡಬೇಕಾದದ್ದನ್ನೇ ಮಾಡಿದ್ದರು.

“ಸರ್, ಯಂತ್ರ ಸರಿಯಾಗಿದೆ. ತಪ್ಪಿದ್ದು ನನ್ನ ಪದ,” ಎಂದೆ. ಮೊದಲೆಲ್ಲ ಹೀಗೆ ಒಮ್ಮೆಲೇ ನಿಲ್ಲಿಸಿದರೆ ನೆಲ ಅದುರಿ ಗೋಡೆಯ ಗಾರೆ ಉದುರುತ್ತಿತ್ತು. ಈಗ ಏರಿಸಿದ ಹೂವೂ ಜಾರಿಲ್ಲ, ನೋಡಿ ಎಂದೆ. ಅವರು ಹೂವನ್ನು ನೋಡಿದರು. ಫೋನು ಕೈಯಲ್ಲೇ ಉಳಿಯಿತು.

ಚಿತ್ತಯ್ಯನ ಮನೆಯವರು ಇಂದಿಗೂ ಕುರಿ ಕಾಯುತ್ತಾರೆ. ಮೇದು ಬಂದ ಕುರಿ ಹೊಟ್ಟೆ ತುಂಬಿ ನೆಮ್ಮದಿಯಾಗಿದ್ದರೆ ಏನಂತೀರಿ ಎಂದು ಕೇಳಿದೆ.

“ಮೆಲುಕು ಹಾಕ್ತಾವೆ ಅಂತೀವಿ.”

ಅದನ್ನೇ ಪರದೆಗೆ ಹಾಕತೊಡಗಿದೆ.

“ನನ್ನ ಪ್ಲಾಂಟ್‌ನ ಕುರಿಹಟ್ಟಿ ಮಾಡ್ತೀರೇನ್ರಿ ಮೇಡಂ?” ಎಂದರು ಮೋಹನ್‌ಕುಮಾರ್. ಹೊರಟು ಮಾತ್ರ ಹೋಗಲಿಲ್ಲ.

ಎರಡನೆಯ ಸಲ ಒತ್ತಡ ಏರಿತು, ಅಲುಗದೆ ಉಳಿಯಿತು. ಪರದೆಯ ಮೇಲೆ ‘ಮೆಲುಕು’ ಮೂಡಿತು. ಗುಂಡಿಯ ಹತ್ತಿರವಿದ್ದ ಕೈಯನ್ನು ಚಿತ್ತಯ್ಯ ಬೆನ್ನ ಹಿಂದೆ ಕಟ್ಟಿಕೊಂಡರು. ಹಳೆಯ ಯಂತ್ರ ಒಂದೇ ಹದದಲ್ಲಿ ಗುನುಗುತ್ತಿತ್ತು. ಎಷ್ಟು ಹೊತ್ತು ಕಿವಿಗೊಟ್ಟರೂ ನನಗೆ ಅದರಲ್ಲಿ ತಪ್ಪು ಸಿಗಲಿಲ್ಲ.

ಮೋಹನ್‌ಕುಮಾರ್ ಗುಜರಿಯವನಿಗೆ ಫೋನ್ ಹಚ್ಚಿ, ಬರಬೇಡ ಎಂದು ಜೋರಾಗಿ ಹೇಳತೊಡಗಿದರು.

“ಮೆಲ್ಲಕ್ ಮಾತಾಡ್ರಿ ಸಾರ್,” ಎಂದರು ಚಿತ್ತಯ್ಯ. “ಮೆಲುಕು ಹಾಕ್ತೈತೆ.”