ನಾಲ್ಕನೇ ಗಾಳಿಯಂತ್ರ

ದುರ್ಗದ ಹತ್ತಿರ, ಜೋಗಿಮಟ್ಟಿ ಕಡೆಯ ಗುಡ್ಡದಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯೊಂದರಲ್ಲಿ ಸಹನಾ ಸೈಟ್ ಎಂಜಿನಿಯರ್. ಆವತ್ತು ಮಧ್ಯಾಹ್ನ ಕಂಟ್ರೋಲ್ ರೂಮಿನಲ್ಲಿ ಅವಳು, ಮ್ಯಾನೇಜರ್ ಜಂಪಣ್ಣ, ಇಬ್ಬರೇ ಕೂತು ಮೊಬೈಲಿನಲ್ಲಿ ಹೈಕೋರ್ಟಿನ ನೇರ ಪ್ರಸಾರ ನೋಡುತ್ತಿದ್ದರು.

ಕಂಪನಿಗೂ ಆದಾಯ ತೆರಿಗೆ ಇಲಾಖೆಗೂ ವರ್ಷಗಟ್ಟಲೆ ನಡೆದ ವ್ಯಾಜ್ಯ ಅದು. ನಾಲ್ಕನೇ ಗಾಳಿಯಂತ್ರ ಮಾರ್ಚ್ ಮುಗಿಯುವ ಮೊದಲೇ ತಿರುಗಿತ್ತೆಂದು ತೋರಿಸಿ ಕಂಪನಿ ಆ ವರ್ಷ ದೊಡ್ಡ ತೆರಿಗೆ ವಿನಾಯಿತಿ ಪಡೆದಿತ್ತು. ವಿಚಾರಣೆಗೆ ಬಂದಿದ್ದ ಅಧಿಕಾರಿ ಕೇಳಿದಾಗ ಸಹನಾ, "ತಿರುಗಿದ್ದು ಮೇ ತಿಂಗಳಲ್ಲಿ" ಎಂದು ಇದ್ದದ್ದನ್ನು ಹೇಳಿಬಿಟ್ಟಿದ್ದಳು. ಅದು ಜಂಪಣ್ಣನಿಗೆ ಗೊತ್ತಿರಲಿಲ್ಲ.

ನ್ಯಾಯಮೂರ್ತಿಗಳು ತೀರ್ಪು ಓದುತ್ತಾ ಹೋದರು. ಸೈಟ್ ಎಂಜಿನಿಯರ್ ಸಹನಾ ಅವರ ಹೇಳಿಕೆಯನ್ನು ತಳ್ಳಿಹಾಕಲು ಕಾರಣವಿಲ್ಲ ಎಂದರು. ವಿನಾಯಿತಿ ರದ್ದಾಯಿತು.

ಜಂಪಣ್ಣ ಮೊಬೈಲ್ ಕವುಚಿಟ್ಟ. ಅವಳ ಮುಖ ನೋಡದೆ, "ನಾಲ್ಕನೇ ಫ್ಯಾನು ಬೆಳಿಗ್ಗೆಯಿಂದ ನಿಂತೈತೆ. ಹತ್ತಿ ನೋಡ್ಕಂಡು ಬರ್ರಿ," ಎಂದ.

"ಒಬ್ಬಳೇನಾ ಸಾರ್?"

"ಎಲ್ರೂ ಊಟಕ್ಕೆ ಹೋಗ್ಯಾರೆ. ಬೀಗದ ಕೀ ಇಲ್ಲೇ ಇಟ್ಟು ಹೋಗ್ರಿ."

ಹತ್ತುವವರು ಸ್ವಿಚ್ಚಿಗೆ ಬೀಗ ಹಾಕಿ ಕೀ ಜೇಬಲ್ಲಿಟ್ಟುಕೊಂಡೇ ಹತ್ತಬೇಕು. ಕೆಳಗಿದ್ದವರು ಯಂತ್ರ ಚಾಲೂ ಮಾಡಿದರೆ ಮೇಲಿದ್ದವರು ಉಳಿಯುವ ಮಾತಿಲ್ಲ. ಅದನ್ನು ಅವಳಿಗೆ ಕಲಿಸಿದವನೇ ಜಂಪಣ್ಣ.

"ಕೀ ಕೊಡಲ್ಲ ಸಾರ್. ಹತ್ತೋದೂ ಇಲ್ಲ."

ಬ್ಯಾಗು ಎತ್ತಿಕೊಂಡು ಹೊರಬಿದ್ದಳು. ಗುಡ್ಡದ ದಾರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಸ್ವಲ್ಪ ಇಳಿಯುವಷ್ಟರಲ್ಲಿ ಹಿಂದೆ ಜೀಪಿನ ಸದ್ದು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳದ ಕೊರಕಲು. ಬಂಡೆಗೆ ಬೆನ್ನು ಹಚ್ಚಿ ನಿಂತಳು.

ಜೀಪು ಪಕ್ಕದಲ್ಲೇ ನಿಂತಿತು. ಜಂಪಣ್ಣ ಸ್ಟೇರಿಂಗ್ ಬಿಡದೆ ಅವಳ ಕಡೆ ಬಾಗಿದ.

"ಮಾರ್ಚಲ್ಲೇ ತಿರುಗ್ತು ಅಂತ ಸೈನ್ ಹಾಕಿದ್ದು ನಾನೇ ಕಣಮ್ಮ. ಮಾಲೀಕ್ರು ಹಾಕು ಅಂದ್ರು, ಹಾಕಿದೆ. ಈಗ ಫೋನೇ ಎತ್ತುತಿಲ್ಲ. ನನ್ನ ಜೈಲಿಗೆ ಹಾಕ್ತಾರೇನಮ್ಮ?"

"ಮತ್ತೆ ಕೀ ಯಾಕೆ ಕೇಳಿದ್ರಿ?"

ಅವನು ಪಕ್ಕದ ಸೀಟಿನ ಬಾಗಿಲು ತೆರೆದ.

"ನಂಗೇ ಗೊತ್ತಿಲ್ಲ," ಎಂದ. "ಹತ್ರಿ, ದುರ್ಗಕ್ಕೆ ಬಿಡ್ತೀನಿ."

ಸಹನಾ ಹತ್ತಲಿಲ್ಲ. ಜೀಪು ತಿರುವಿನಾಚೆ ಮರೆಯಾಗುವವರೆಗೂ ಬಂಡೆ ಬಿಟ್ಟು ಕದಲಲಿಲ್ಲ.

ಮರುದಿನ ತನ್ನೂರು ತಾಳ್ಯದ ಮನೆಯಿಂದಲೇ ರಾಜೀನಾಮೆ ಕಳಿಸಿದಳು. ನಡೆದದ್ದೆಲ್ಲ ಕೇಳಿದ ತಾಯಿ ಮರುಳಸಿದ್ದಮ್ಮ ಎದ್ದು ಹೋಗಿ, ಹಾಡಹಗಲೇ, ಬಾಗಿಲಿಗೆ ಚಿಲಕ ಹಾಕಿ ಬಂದಳು.