ಸೇನಾಪತಿಯ ಮೀಸೆ ಮತ್ತು ಹೊಸ ಡಿಸ್ಕು

ನಮ್ಮ ಅಳಿಯನಿಗೆ ಹೊಸದು ಅಂದರೆ ಸಾಕು, ಕಿವಿ ನೆಟ್ಟಗಾಗುತ್ತೆ. ಚಿತ್ರ ಇನ್ನೂ ಸ್ಪಷ್ಟವಾಗಿ ಕಾಣೋ ಹೈ ಡೆಫಿನಿಷನ್ ಡಿಸ್ಕು ಬಂದಿದ್ದೇ ತಡ, ತನ್ನ ಸಿನಿಮಾ ಡಿಸ್ಕಿನ ಅಂಗಡಿಯಲ್ಲಿ ಎರಡು ಟಿವಿ ಪಕ್ಕಪಕ್ಕ ಇಟ್ಟ. ಒಂದರಲ್ಲಿ ಹಳೇ ಡಿಸ್ಕು, ಇನ್ನೊಂದರಲ್ಲಿ ಹೊಸದು, ಎರಡರಲ್ಲೂ ಅದೇ ಸಿನಿಮಾ. ಬಂದವರೆಲ್ಲ ಆ ಕಡೆ ಈ ಕಡೆ ಕತ್ತು ತಿರುಗಿಸಿ, ‘ಎರಡೂ ಒಂದೇ ಥರ ಇದೆಯಲ್ಲ’ ಅಂತ ರಾಗ ಎಳೆದು, ಹಳೇದನ್ನೇ ತಗೊಂಡು ಹೋಗುತ್ತಿದ್ದರು.

‘ಅತ್ತೆ, ಜನ ಇದಕ್ಕೆ ಬದಲಾಯಿಸ್ತಾರೆ ಅಂತೀರಾ?’ ಊಟಕ್ಕೆ ಕೂತಾಗಲೆಲ್ಲ ಇದೇ ಪ್ರಶ್ನೆ ಕೇಳಿ ನನ್ನ ಪ್ರಾಣ ತಿನ್ನುತ್ತಿದ್ದ.

‘ಮನೇಲಿರೋದು ಚೆನ್ನಾಗೇ ಓಡ್ತಿರುವಾಗ ಯಾರಪ್ಪ ಬದಲಾಯಿಸ್ತಾರೆ? ಅದಿರಲಿ, ಕೋಟೆ ಸುಡೋ ಸಿನಿಮಾ ಹೊಸ ಡಿಸ್ಕಲ್ಲಿ ಬಂತಾ?’ ಅಂದೆ.

‘ಶುರುವಾಯ್ತು ಅಮ್ಮಂದು,’ ಅಂದಳು ಮಗಳು.

ನಾನು ಸಿನಿಮಾಗಳಿಗೆ ಮೀಸೆ ಕಟ್ಟುತ್ತಿದ್ದವಳು. ತೆಳು ಬಲೆಗೆ ಒಂದೊಂದೇ ಕೂದಲು ಗಂಟು ಹಾಕಿ, ನಾನೇ ಕಾಯಿಸಿದ ಅಂಟು ಹಚ್ಚಿ ನಟರ ಮೂಗಿನ ಕೆಳಗೆ ಕೂರಿಸುತ್ತಿದ್ದೆ. ಅಂಟಿಸಿದ ಮೇಲೆ ಸಂಜೆ ನಾನೇ ಬಿಚ್ಚಬೇಕು. ಅಲ್ಲಿವರೆಗೆ ಊಟವಿಲ್ಲ, ಸ್ಟ್ರಾದಲ್ಲಿ ಹೀರಿದಷ್ಟೇ. ಎಂಥ ದೊಡ್ಡ ನಟನಾದರೂ ನನ್ನ ಬಾಯಿಗೆ ಹೆದರುತ್ತಿದ್ದ.

ಆ ಸಿನಿಮಾದಲ್ಲಿ ಸೇನಾಪತಿ ಉರಿಯುವ ಕೋಟೆಯ ಮುಂದೆ ಗರ್ಜಿಸುವಾಗ ಮೀಸೆಯ ಒಂದು ತುದಿ ಕಿತ್ತು ಮೇಲೆದ್ದಿತು. ಕೋಟೆ ಸುಟ್ಟು ಬೂದಿಯಾಗಿತ್ತು, ಆ ದೃಶ್ಯ ಮತ್ತೆ ತೆಗೆಯುವಂತಿರಲಿಲ್ಲ. ಚಿತ್ರಮಂದಿರದಲ್ಲಿ ಜನ ಬಿದ್ದು ಬಿದ್ದು ನಕ್ಕರು. ಸೇನಾಪತಿ ಪಾತ್ರದವನು ‘ಅಂಟೇ ಸರಿಯಿರಲಿಲ್ಲ’ ಅಂತ ಕೈ ತೊಳೆದುಕೊಂಡ. ಆಮೇಲೆ ನನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ನನ್ನ ಅಂಟು ಹಾಗೆ ಬಿಡುವಂಥದ್ದಲ್ಲ ಅಂತ ಕಂಡಕಂಡವರ ಹತ್ತಿರ ವಾದಿಸಿದೆ. ಅವತ್ತು ಸರಿಯಾಗಿ ಕಾಯಿಸಿದ್ದೆನೋ ಇಲ್ಲವೋ ಅನ್ನೋ ಹುಳ ಮಾತ್ರ ಒಳಗೆ ಕೊರೆಯುತ್ತಲೇ ಇತ್ತು. ಹಳೇ ಡಿಸ್ಕಿನಲ್ಲಿ ನೋಡಿದರೆ ಮೀಸೆಯ ಕೆಳಗೆ ಬರೀ ಮಸುಕು.

ಆ ಸಿನಿಮಾದ ಹಳೇ ರೀಲನ್ನು ಶುದ್ಧ ಮಾಡಿ ತೆಗೆದ ಹೊಸ ಡಿಸ್ಕು ಬಂದ ದಿನ, ಮಗಳನ್ನೂ ಎಳೆದುಕೊಂಡು ಅಂಗಡಿಗೆ ಹೋದೆ. ಅಳಿಯ ಹಾಕಿದ. ಸೇನಾಪತಿಯ ಮೂಗಿನ ಮೇಲಿನ ಬೆವರಹನಿ ಕೂಡ ಎಣಿಸುವ ಹಾಗಿತ್ತು.

‘ನಿಲ್ಲಿಸು,’ ಅಂದೆ. ಕನ್ನಡಕ ಒರೆಸಿಕೊಂಡು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಎದ್ದ ತುದಿಯ ಕೆಳಗೆ, ಚರ್ಮದ ಮೇಲೆ, ಬೆಳ್ಳಗೆ ಏನೋ ಚಪ್ಪಟೆಯಾಗಿ ಮೆತ್ತಿಕೊಂಡಿತ್ತು. ಅದರ ಪಕ್ಕ ಇನ್ನೊಂದು, ಪೂರ್ತಿ ಹಿಸುಕದೆ ಉಳಿದದ್ದು.

‘ಅತ್ತೆ, ಇದು ಅನ್ನದ ಅಗುಳು,’ ಅಂದ ಅಳಿಯ.

ಕಳ್ಳ. ಮೀಸೆ ಕಿತ್ತಿಟ್ಟು ಹೊಟ್ಟೆ ತುಂಬ ಉಂಡಿದ್ದಾನೆ. ನಾನು ಬೈತೀನಿ ಅಂತ ಹೆದರಿ, ಲಕೋಟೆ ಅಂಟಿಸುವ ಹಾಗೆ ಅಗುಳು ಮೆತ್ತಿ ಮತ್ತೆ ಅಂಟಿಸಿಕೊಂಡಿದ್ದಾನೆ. ಬೆಂಕಿಯ ಕಾವಿಗೆ ಅನ್ನ ಒಣಗಿ ಮೀಸೆ ಬಿಟ್ಟುಕೊಂಡಿದೆ. ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು.

‘ಈ ಅಗುಳು ನಮ್ಮನೆ ಡಿಸ್ಕಲ್ಲಿ ಕಾಣಲ್ವಾ?’ ಹಿಂದೆ ನಿಂತಿದ್ದ ಗಿರಾಕಿ ಕೇಳಿದ. ‘ಎಲ್ಲಿ ಕಾಣುತ್ತೆ ಸ್ವಾಮಿ, ಬನ್ನಿ ತೋರಿಸ್ತೀನಿ,’ ಅಂತ ಅಳಿಯ ಅವನಿಗೆ ಗಂಟುಬಿದ್ದ.

ಮಗಳು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ‘ಇಷ್ಟು ವರ್ಷ ನೀನು ಅಂಟಿನ ಮಾತೆತ್ತಿದಾಗೆಲ್ಲ ನಿನ್ನ ಸಮಾಧಾನಕ್ಕೆ ತಲೆ ಆಡಿಸ್ತಿದ್ದೆ ಅಮ್ಮ,’ ಅಂದಳು. ‘ನಂಬಿರಲಿಲ್ಲ.’

‘ಗೊತ್ತು ಕಣೇ,’ ಅಂದೆ. ‘ನಾನೂ ನಂಬಿರಲಿಲ್ಲ.’

ಬಾಯಿಬಿಟ್ಟು ಅಂದಮೇಲೆ ಅಳು ತಡೆಯಲಾಗಲಿಲ್ಲ.