ಸ್ವರ ಹೋಗುವುದಿಲ್ಲ ಅಂದರು ಡಾಕ್ಟರು

ನನ್ನ ಗಂಡ ಭುಜಂಗರಾಯರಿಗೆ ಮೂತ್ರ ಕಟ್ಟಿ, ಸೊಂಟ ಹಿಡಿದು, ಕೊನೆಗೆ ನಾಸಿಕ್ ಪೇಟೆಯ ದೊಡ್ಡ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಅದರಲ್ಲೂ ಬೇಗ ಹಬ್ಬುವ ಜಾತಿಯದು. ಎರಡೂ ಬೀಜ ತೆಗೆದರೆ ಗಡ್ಡೆಗೆ ಪೋಷಣೆ ತಪ್ಪುತ್ತದೆ. ಈ ವಾರವೇ ಆಗಬೇಕು. ಅದಕ್ಕೆ ಇವರು ಕೇಳಿದ್ದು ಒಂದೇ ಪ್ರಶ್ನೆ.

"ಸ್ವರ ಹೆಂಗಸರ ಹಾಗೆ ಆಗ್ತದಾ?"

ಈ ವಯಸ್ಸಿನಲ್ಲಿ ಸ್ವರ ಬದಲಾಗುವುದಿಲ್ಲವೆಂದು ಡಾಕ್ಟರು ಮರಾಠಿಯಲ್ಲೂ ಹಿಂದಿಯಲ್ಲೂ ಹೇಳಿದರು. ಇವರು ನಂಬಬೇಕಲ್ಲ!

ಸಾತಪುರದ ನಮ್ಮ ಹೋಟೆಲಿನಲ್ಲಿ ಆರ್ಡರು ಬರೆಯುವ ಪದ್ಧತಿಯೇ ಇಲ್ಲ. ಸಪ್ಲೈಯರ್ ಜಯರಾಮ ಮೇಜಿನಿಂದ ಕೂಗುತ್ತಾನೆ, ಇವರು ಹಣದ ಗಲ್ಲೆಯಲ್ಲಿ ಕೂತು ಅದನ್ನೇ ಒಳಗೆ ಕೂಗುತ್ತಾರೆ. ಇವರ ಸ್ವರ ಕಿವಿಗೆ ಬಿದ್ದರೆ ಮಾತ್ರ ಅಡುಗೆಯ ಶೀನ ಕಾವಲಿಗೆ ಹಿಟ್ಟು ಹುಯ್ಯುವುದು. ಸ್ವರ ಹೋದರೆ ಹೋಟೆಲೇ ಹೋಯಿತೆಂದು ಇವರ ಚಿಂತೆ. ಪ್ರಾಣದ ಚಿಂತೆಯನ್ನು ನನಗೊಬ್ಬಳಿಗೇ ಬಿಟ್ಟಿದ್ದರು.

ಆಪರೇಶನ್ನಿನ ದಿನ, ಹೋಟೆಲು ತೆರೆಯುವ ಮೊದಲೇ, ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ತರಿಸಿ ಗಲ್ಲೆಯ ಮೇಲಿಟ್ಟರು. ಇರುವ ಸ್ವರದಲ್ಲಿ ಎಲ್ಲ ಆರ್ಡರನ್ನೂ ತುಂಬಿಸಿಟ್ಟರೆ, ಮುಂದೆ ಒಳಗೆ ಅದೇ ಕೂಗುತ್ತದಂತೆ.

"ಎರಡು ಮಸಾಲೆ! ಒಂದು ಸಾದಾ, ಗರಿಗರಿ! ಮೂರು ಪ್ಲೇಟ್ ಇಡ್ಲಿ, ಒಂದಕ್ಕೆ ಚಟ್ನಿ ಬೇಡ!"

ಒಳಗೆ ಶೀನ, ಇವರು ಕೂಗಿದ್ದನ್ನೆಲ್ಲ ಮಾಡುತ್ತ ಹೋದ. ಜಯರಾಮ ಖಾಲಿ ಕುರ್ಚಿಗಳ ಮುಂದೆ ನೀರಿಟ್ಟು, ದೋಸೆ ತಂದಿಟ್ಟು, "ಮತ್ತೆಂತ ಬೇಕು?" ಎಂದೂ ಕೇಳಿದ. ಇವರದು ಮುಗಿಯುವ ಹಾಗಿಲ್ಲ. ಈರುಳ್ಳಿ ಇಲ್ಲದ್ದು, ಬೆಣ್ಣೆ ಹೆಚ್ಚಿನದ್ದು, ಪಾರ್ಸಲ್ಲು.

"ಉಪವಾಸದ ತಿಂಡಿ ಬಾಕಿ ಉಂಟು. ಆಸ್ಪತ್ರೆಗೆ ನಾಳೆ ಹೋಗುವ," ಅಂದರು.

ನನಗೆ ಪಿತ್ತ ನೆತ್ತಿಗೇರಿತು.

"ಶೀನಾ, ಒಲೆ ನಂದ್ಸು!" ಎಂದು ಕಿರುಚಿದೆ. ಒಲೆ ನಂದಿತು. "ಜಯರಾಮ, ಟಾಂಗಾ ತಾ!" ಟಾಂಗಾ ಬಂತು. "ನೀವು ಏಳಿ! ನಂಗೆ ಹೋಟ್ಲು ಬೇಡ, ಸ್ವರ ಬೇಡ. ನೀವು ಬೇಕು ಮಾರಾಯ್ರೇ!"

ಇವರೂ ಎದ್ದರು.

ಆಪರೇಶನ್ ಸುಸೂತ್ರವಾಗಿ ಆಯಿತು, ಸಮಯಕ್ಕೆ ಕರೆತಂದಿರಿ ಎಂದರು ಡಾಕ್ಟರು. ಆದರೆ ಇವರು ತುಟಿ ಬಿಚ್ಚಲೇ ಇಲ್ಲ. ಬಾಯಿ ತೆರೆದರೆ ಹೆಣ್ಣು ಸ್ವರ ಬಂದೀತೆಂಬ ಭಯ. ನೀರು ಬೇಕಾದರೆ ಹೆಬ್ಬೆರಳು ತೋರಿಸುವುದು, ಗಂಜಿಗೆ ಇಡೀ ಕೈ. ದಿನಗಟ್ಟಲೆ ಈ ಮೂಕಾಟ ನೋಡಿ ನನಗೆ ಸಾಕಾಯಿತು. ಸೆರಗು ಬಾಯಿಗೊತ್ತಿಕೊಂಡು ಅಳುತ್ತ ಬಾಗಿಲ ಕಡೆ ನಡೆದೆ.

"ವಾರಿಜಾಕ್ಷೀ!"

ಇಡೀ ವಾರ್ಡು ತಿರುಗಿ ನೋಡಿತು. ಅದೇ ಸ್ವರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮದುವೆಯಾದಂದಿನಿಂದ "ಹೋಯ್", "ಇವಳೇ" ಎಂದೇ ಕರೆದವರು. ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು.

ಓಗೊಡಲು ನನಗೇ ಸ್ವರ ಹೊರಡಲಿಲ್ಲ.